ಅಮ್ಮನಿಗೊಂದು ಬೇರೆ ಒಲೆ: ಹಿತ್ತಲಲ್ಲಿ ಪುಟ್ಟ ಮನೆ ಕಟ್ಟಿದ ನನ್ನ ಅನುಭವ

ಅಪ್ಪ ಹೋದ ಮೇಲೆ ಅಮ್ಮ ಅರಕಲಗೂಡಿನ ಮನೆಯಲ್ಲಿ ಒಬ್ಬರೇ ಇದ್ದರು. ಎರಡೂ ಮಂಡಿಗೆ ಆಪರೇಷನ್ ಆದ ಮೇಲೆ ಅದು ಕಷ್ಟವಾಯಿತು. ಮೈಸೂರಿಗೆ ಬಂದುಬಿಡು ಅಂದರೆ ಪ್ರತಿ ಸಲ ಒಂದೇ ಉತ್ತರ. “ಮಗಳ ಮನೆಗೆ ನಾಲ್ಕು ದಿನ ಬಂದು ಹೋಗಬಹುದು ಕಣೇ. ಬಂದು ಇದ್ದುಬಿಡೋಕೆ ಆಗಲ್ಲ. ನನ್ನ ಒಲೆ ನನಗಿರಬೇಕು.”

ಈ ಮಾತು ನನಗೆ ಹಟ ಅನ್ನಿಸಲಿಲ್ಲ. ಐವತ್ತು ವರ್ಷ ಒಂದು ಅಡುಗೆಮನೆ ನಡೆಸಿದವರು ಇನ್ನೊಬ್ಬರ ಅಡುಗೆಮನೆಯಲ್ಲಿ ಡಬ್ಬ ಹುಡುಕುತ್ತಾ ನಿಲ್ಲಬೇಕು ಅಂದರೆ ಹೇಗೆ? ಹಾಗಾಗಿ ಹಿತ್ತಲಲ್ಲೇ ಅವರಿಗೊಂದು ಮನೆ ಕಟ್ಟೋಣ ಅಂತ ನಾನು, ನಮ್ಮವರು ತೀರ್ಮಾನ ಮಾಡಿದೆವು.

ನಮ್ಮದು ಕುವೆಂಪುನಗರದಲ್ಲಿ 40-60ರ ಸೈಟು. ಮುಂದೆ ಹಳೇ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ತೆಂಗು, ಒಂದು ಸೀಬೆ ಗಿಡ. “ಹಿತ್ತಲು ತಾನೇ, ಯಾರು ಕೇಳ್ತಾರೆ, ಸುಮ್ನೆ ಕಟ್ಟಿ” ಅಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ಇಂಜಿನಿಯರ್ ಒಬ್ಬರು ಹಳೇ ಮನೆ, ಹೊಸ ಮನೆ ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದುಕೊಟ್ಟರು. ಕಟ್ಟಡ ಎಷ್ಟು ಜಾಗ ತಿನ್ನುತ್ತದೆ, ಸುತ್ತ ಎಷ್ಟು ಬಿಡಬೇಕು ಅನ್ನುವುದನ್ನು ಇಡೀ ಸೈಟಿಗೇ ಲೆಕ್ಕ ಹಾಕುತ್ತಾರೆ. ಪಾಲಿಕೆಯಿಂದ ಮಂಜೂರಾತಿ ಬರುವವರೆಗೂ ಒಂದು ಗುದ್ದಲಿ ಏಟೂ ಬೀಳಲಿಲ್ಲ. ಆಮೇಲೆ ಕಂದಾಯ ಕಟ್ಟುವಾಗಲೂ ಹೊಸ ಚದರಡಿ ಸೇರಿಸಿಯೇ ಘೋಷಣೆ ಕೊಟ್ಟೆವು.

ನಕ್ಷೆಗೂ ಮೊದಲು ನಾನು ಮಾಡಿದ ಕೆಲಸ, ಟೇಪು ಹಿಡಿದು ಅಮ್ಮನ ಅಳತೆ ತೆಗೆದದ್ದು. ಒಂದು ಕುರ್ಚಿ ಮೇಲೆ ಮಣೆ, ಅದರ ಮೇಲೆ ಇನ್ನೊಂದು ಮಣೆ ಇಟ್ಟು ಕೂರಿಸಿದೆ. ಯಾರ ಕೈಯೂ ಹಿಡಿಯದೆ ಎಷ್ಟು ಎತ್ತರದಿಂದ ಏಳುತ್ತಾರೆ ಅಂತ ನೋಡಿದೆ. 18 ಇಂಚಿಗೆ ಸಲೀಸಾಗಿ ಎದ್ದರು. ಕಮೋಡು, ಮಂಚ, ಜಗಲಿ ಕಟ್ಟೆ ಮೂರಕ್ಕೂ ಅದೇ ಎತ್ತರ ಇಟ್ಟೆವು. ಅಮ್ಮ ನಾಲ್ಕು ಅಡಿ ಹತ್ತು ಇಂಚು. ನಮ್ಮ ಅಡುಗೆ ಕಟ್ಟೆ 33 ಇಂಚಿದೆ, ಅಲ್ಲಿ ಒಗ್ಗರಣೆ ಹಾಕುವಾಗ ಅವರ ಭುಜ ಮೇಲೆದ್ದಿರುತ್ತದೆ. ಅವರ ಕಟ್ಟೆಯನ್ನು 30ಕ್ಕೆ ಇಳಿಸಿದೆವು. ನೆಲದ ಮೇಲೆ ಕೂತು ಈಳಿಗೆ ಹಿಡಿಯುವುದು ಇನ್ನು ಆಗದು. ಅದಕ್ಕೆ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ತರಕಾರಿ ಹೆಚ್ಚುವಂತೆ ಒಂದು ತಗ್ಗಿನ ಕಲ್ಲು ಹಾಕಿಸಿದೆ.

ಹೊರಗಿನ ಅಳತೆ 22 ಅಡಿಗೆ 14, ಅಂದರೆ 308 ಚದರಡಿ. ಒಂದು ದೊಡ್ಡ ಕೋಣೆ, ಅಡುಗೆಮನೆ, ಬಚ್ಚಲು, ಮುಂದೆ ಐದಡಿ ಜಗಲಿ. ಒಲೆ ಆಗ್ನೇಯಕ್ಕೆ ಬಂತು. ವಾಸ್ತು ವಿಷಯದಲ್ಲಿ ಅಮ್ಮನಿಗೆ ಅಷ್ಟು ಸಾಕಾಯಿತು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಪಾಯದ ಎತ್ತರ. ಮೇಸ್ತ್ರಿ ಎರಡೂವರೆ ಅಡಿ ಎತ್ತರಿಸೋಣ ಅಂದರು. “ಎತ್ತರ ಇದ್ರೆ ಮನೆಗೊಂದು ಲಕ್ಷಣ ಮೇಡಂ.” ಆದರೆ ವಾಕರ್ ಹಿಡಿದವರಿಗೆ ಮೆಟ್ಟಿಲು ಬೇಡ, ಇಳಿಜಾರು ದಾರಿ ಬೇಕು. ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಹತ್ತುವವರಿಗೂ ಕಷ್ಟ, ಗಾಲಿಕುರ್ಚಿ ತಳ್ಳುವವರಿಗೂ ಕಷ್ಟ. ಎರಡೂವರೆ ಅಡಿಗೆ 30 ಅಡಿ ಉದ್ದ ಬೇಕಾಗುತ್ತದೆ. ಅಷ್ಟು ಜಾಗ ಎಲ್ಲಿಂದ ತರೋಣ?

ಹಾಗಂತ ನೆಲಮಟ್ಟಕ್ಕೇ ಇಳಿಸಿಬಿಡುವ ಹಾಗೂ ಇಲ್ಲ. ಬಚ್ಚಲ ನೀರು ಹಿತ್ತಲಿನಿಂದ ಗೇಟಿನ ಹತ್ತಿರದ ಚೇಂಬರಿಗೆ ಹರಿಯಬೇಕು. ಪೈಪಿನ ದಾರಿ 60 ಅಡಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದಡಿ ಇಳಿಜಾರು ಕೊಟ್ಟರೆ ಹೊಲಸು ನಿಲ್ಲದೆ ಹೋಗುತ್ತದೆ. ಆ ಲೆಕ್ಕದಲ್ಲಿ ಒಂದೂವರೆ ಅಡಿ ಇಳಿತ ಬೇಕು. ಗೇಟಿನ ಚೇಂಬರಿನ ಮುಚ್ಚಳ ತೆಗೆಸಿ ಕೋಲು ಇಳಿಬಿಟ್ಟು ನೋಡಿದರೆ ಪೈಪು ಎರಡೂವರೆ ಅಡಿ ಆಳದಲ್ಲಿತ್ತು. ನೀರು ತುಂಬಿದ ಪ್ಲಾಸ್ಟಿಕ್ ಪೈಪು ಹಿಡಿದು ಮಟ್ಟ ನೋಡಿದಾಗ, ಹಿತ್ತಲು ಮುಂದಿನ ನೆಲಕ್ಕಿಂತ ನಾಲ್ಕು ಇಂಚು ತಗ್ಗು ಅಂತಲೂ ಗೊತ್ತಾಯಿತು. ಎಲ್ಲ ಕೂಡಿಸಿ ಕಳೆದರೆ ಹಿತ್ತಲ ನೆಲದಿಂದ ಎಂಟೇ ಇಂಚು ಕೆಳಗೆ ಪೈಪು ಶುರುವಾಗಬೇಕು. ಪಾಯ ಒಂದಡಿ ಎತ್ತರ ಇದ್ದರೆ ಬಚ್ಚಲ ನೆಲಕ್ಕೂ ಪೈಪಿಗೂ 20 ಇಂಚು ಸಿಗುತ್ತದೆ, ವಾಸನೆ ಒಳಗೆ ಬರದಂತೆ ನೀರು ಹಿಡಿದಿಡುವ ಟ್ರಾಪ್ ಕೂರುತ್ತದೆ. ಒಂದಡಿ ಅಂದರೆ ಇಳಿಜಾರು ದಾರಿ ಹನ್ನೆರಡೇ ಅಡಿ. ಮನೆಯ ಉದ್ದದಲ್ಲೇ ಮುಗಿಯುತ್ತದೆ. ಈ ಲೆಕ್ಕ ಕೂಡಿ ಬಂದ ಸಂಜೆ ನನಗಾದ ಸಂತೋಷ ಗೃಹಪ್ರವೇಶದ ದಿನವೂ ಆಗಲಿಲ್ಲ.

ಪಾಯ ತಗ್ಗಾದರೆ ಮಳೆ ನೀರಿನ ಭಯ ಇದ್ದೇ ಇರುತ್ತದೆ. ಅದಕ್ಕೆ ಮನೆ ಸುತ್ತ ಸಣ್ಣ ಚರಂಡಿ ಮಾಡಿಸಿ, ಹಿತ್ತಲ ನೆಲವನ್ನೆಲ್ಲ ಅದರ ಕಡೆ ವಾಲಿಸಿದೆವು.

ಪಾಯ ತೋಡುವಾಗ ಎರಡನೇ ದಿನವೇ ಹಾರೆ ‘ಟಣ್’ ಅಂತು. ಹಳೇ ಮನೆಯ ಬಚ್ಚಲಿನ ಸ್ಟೋನ್‌ವೇರ್ ಪೈಪು ಹಿತ್ತಲಲ್ಲಿ ಅಡ್ಡಡ್ಡ ಹೋಗಿತ್ತು. ಯಾರಿಗೂ ನೆನಪಿರಲಿಲ್ಲ. ಪೈಪು ಒಡೆದು ಪಾಯದ ತುಂಬ ಕೊಳಕು ನೀರು. ನಾಲ್ಕು ದಿನ ಕೆಲಸ ನಿಲ್ಲಿಸಿ ಆ ಲೈನನ್ನೂ ಪಿವಿಸಿಗೆ ಬದಲಾಯಿಸಿ, ಹೊಸ ಚೇಂಬರ್ ಕಟ್ಟಿಸಿದೆವು. ಹಳೇ ಮನೆಯ ಹಿಂದೆ ಕಟ್ಟುವವರು ಮೊದಲು ಹಳೇ ಪೈಪುಗಳ ದಾರಿ ಹುಡುಕಿಕೊಳ್ಳಿ. ಬಚ್ಚಲಿಗೆ ಬಣ್ಣದ ನೀರು ಸುರಿದು ಯಾವ ಚೇಂಬರಿಗೆ ಬರುತ್ತದೆ ಅಂತ ನೋಡಿದರೂ ಎಷ್ಟೋ ಗೊತ್ತಾಗುತ್ತದೆ.

ಸೈಜುಗಲ್ಲಿನ ಪಾಯ, ಮೇಲೆ ಕಾಂಕ್ರೀಟ್ ಬೆಲ್ಟು, ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ. ಪಕ್ಕದ ಓಣಿ ಮೂರೇ ಅಡಿ. ಲಾರಿ ರಸ್ತೆಯಲ್ಲೇ ಸುರಿದು ಹೋಗುತ್ತಿತ್ತು. ಪ್ರತಿ ಕಲ್ಲು, ಪ್ರತಿ ಬಾಂಡಲಿ ಎಂ ಸ್ಯಾಂಡ್ ತಲೆ ಮೇಲೆಯೇ ಹಿತ್ತಲು ಸೇರಿದ್ದು. ಆ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಮ್ಮನಿಗೆ ಮಂಗಳೂರು ಹೆಂಚಿನ ಆಸೆ ಇತ್ತು. ನಮ್ಮ ಬೀದಿಯಲ್ಲಿ ಕೋತಿ ಕಾಟ ಇರುವುದರಿಂದ ಐದಿಂಚಿನ ಆರ್‌ಸಿಸಿ ಹಾಕಿಸಿದೆವು. ಸುತ್ತ ಒಂದೂವರೆ ಅಡಿ ಚಾಚಿಸಿದ್ದರಿಂದ ಸುಮಾರು 40 ಚೀಲ ಸಿಮೆಂಟ್ ಹಿಡಿಯಿತು. ಮೋಲ್ಡ್ ಹಾಕಿದ ಮರುದಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಎರಡು ವಾರ ನೀರು ನಿಲ್ಲಿಸಿದೆ. ಆ ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಏಣಿ ಹತ್ತುತ್ತಿದ್ದೆ.

ಬಚ್ಚಲು ಚಿಕ್ಕದಾದರೂ ಅದಕ್ಕೇ ಹೆಚ್ಚು ಯೋಚನೆ ಮಾಡಿದ್ದು. ಬಾಗಿಲು ಮೂರಡಿ ಅಗಲ, ಹೊಸಿಲಿಲ್ಲ, ಹೊರಗೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ, ಅಲ್ವಾ? ಹಿಡಿಕೆ ಕಂಬಿಗಳ ಜಾಗವನ್ನು ಅಮ್ಮನನ್ನೇ ಕೂರಿಸಿ, ಅವರ ಕೈ ತಾನಾಗಿ ಹೋದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೂಡಿಸಿದೆವು. ಗಟ್ಟಿ ಬ್ಲಾಕ್ ಗೋಡೆ ಆಗಿದ್ದರಿಂದ ಬೋಲ್ಟು ಭದ್ರವಾಗಿ ಕೂತಿತು. ಮಂಚದ ಪಕ್ಕ ಒಂದು ಬೆಲ್ಲಿನ ಗುಂಡಿ ಇದೆ, ಅದು ನಮ್ಮ ಕೋಣೆಯಲ್ಲಿ ಬಡಿಯುತ್ತದೆ.

ಕರೆಂಟಿಗೆ ಹಳೇ ಮನೆಯ ಬೋರ್ಡಿನಿಂದ ವೈರು ಎಳೆಯಲಿಲ್ಲ. ಮೀಟರ್ ಹತ್ತಿರದಿಂದಲೇ ನೆಲದೊಳಗೆ ಕೇಬಲ್, ಬೇರೆ ಎಂಸಿಬಿ, ಬೇರೆ ಅರ್ಥಿಂಗ್. ಗೀಸರ್ ಸೇರುವುದರಿಂದ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಂಡೆವು.

2022ರಲ್ಲಿ ಕೆಲಸ ಮುಗಿದಾಗ 8 ಲಕ್ಷ 10 ಸಾವಿರ ಆಗಿತ್ತು. ಚದರಡಿಗೆ 2,600 ದಾಟಿತು. ಸಣ್ಣ ಮನೆ ಅಗ್ಗ ಅಂದುಕೊಂಡಿದ್ದೆ. ಆದರೆ ಮನೆ ಎಷ್ಟೇ ಚಿಕ್ಕದಾದರೂ ಒಂದು ಬಚ್ಚಲು, ಒಂದು ಅಡುಗೆ ಕಟ್ಟೆ, ಪೈಪು, ಚೇಂಬರು, ವೈರಿಂಗ್ ಬೇಕೇ ಬೇಕು. ದುಬಾರಿ ಬೀಳುವುದು ಅವೇ.

ಒಂದು ತಪ್ಪು ಮಾಡಿದೆ. ಇಳಿಜಾರಿಗೆ ಚೆಂದ ಕಾಣಲಿ ಅಂತ ನುಣ್ಣನೆ ಟೈಲ್ಸ್ ಹಾಕಿಸಿದ್ದೆ. ಮೊದಲ ಮಳೆಗೇ ನನ್ನ ಕಾಲು ಜಾರಿತು. ಆ ಕ್ಷಣ ಅಮ್ಮ ನಡೆಯುತ್ತಿದ್ದಿದ್ದರೆ ಅನ್ನುವುದನ್ನು ಇವತ್ತಿಗೂ ನೆನೆಯಲಾರೆ. ವಾರದೊಳಗೆ ಕಿತ್ತುಹಾಕಿ ಸಿಮೆಂಟ್ ಬಳಿಸಿ, ಹಸಿ ಇರುವಾಗಲೇ ಪೊರಕೆಯಿಂದ ಅಡ್ಡ ಗೀರು ಎಳೆಸಿದೆವು. ಎರಡೂ ಕಡೆ ಕಂಬಿ ಹಾಕಿಸಿದೆವು.

ಹಾಲು ಉಕ್ಕಿಸಿದ ದಿನ ಅಮ್ಮ ತಮ್ಮ ಹಳೇ ಹಿತ್ತಾಳೆ ಪಾತ್ರೆಯನ್ನೇ ಒಲೆ ಮೇಲಿಟ್ಟರು. ಅವರ ಅಡುಗೆಮನೆ ಕಿಟಕಿ ನಮ್ಮ ಅಡುಗೆಮನೆಗೆ ಎದುರಾಗಿದೆ. ಬೆಳಿಗ್ಗೆ ಐದೂವರೆಗೆ ಅಲ್ಲಿ ದೀಪ ಹತ್ತಿತಾ ಅಂತ ನೋಡುವುದು ನನಗೆ ಅಭ್ಯಾಸವಾಗಿದೆ. ಸಂಜೆ ಆ ಕಿಟಕಿಯಿಂದ ಕೂಗು ಬರುತ್ತದೆ. “ನುಗ್ಗೆಕಾಯಿ ಹುಳಿ ಮಾಡಿದೀನಿ ಕಣೇ, ಪಾತ್ರೆ ತಗೊಂಡು ಬಾ.”