ಉಳಿದ ಕೆಲಸದ ಲೆಕ್ಕ: ನಿಂತುಹೋದ ಸೈಟುಗಳನ್ನು ನಾನು ಮುಗಿಸಿದ ಬಗೆ

"ಎಂಬತ್ತು ಪರ್ಸೆಂಟ್ ಮುಗಿದಿದೆ ಸಾರ್, ಫಿನಿಶಿಂಗ್ ಮಾತ್ರ ಬಾಕಿ." ಮನೆ ನವೀಕರಣ ಅರ್ಧಕ್ಕೆ ನಿಂತ ಯಾವ ಸೈಟಿಗೆ ಹೋದರೂ ಕಂಟ್ರಾಕ್ಟರ್ ಬಾಯಲ್ಲಿ ಬರುವ ಮೊದಲ ಮಾತು ಇದು. ಮನೆಯವರದ್ದೂ ಅಷ್ಟೇ ಖಡಾಖಂಡಿತ: "ಅರ್ಧನೂ ಆಗಿಲ್ಲ, ದುಡ್ಡು ಮಾತ್ರ ಮುಕ್ಕಾಲು ಹೋಯ್ತು." ಇಬ್ಬರ ನಡುವೆ ನಿಂತು ಅಂಥ ಕೆಲಸ ಮುಗಿಸಿಕೊಡುವುದು ನನ್ನ ಕಸುಬು. ಈ ಎಂಬತ್ತಕ್ಕೂ ಐವತ್ತಕ್ಕೂ ನಡುವೆ ಸಿಕ್ಕಿಹಾಕಿಕೊಂಡು ನಾನು ಐದಾರು ವರ್ಷ ಕಳೆದೆ. ಆಮೇಲೆ ಆಗಿರುವ ಕೆಲಸವನ್ನು ಅಳೆಯುವುದನ್ನೇ ಬಿಟ್ಟೆ. ಉಳಿದದ್ದನ್ನು ಮಾತ್ರ ಅಳೆಯತೊಡಗಿದೆ. ಅಲ್ಲಿಂದ ಸೈಟುಗಳು ಮುಗಿಯತೊಡಗಿದವು.

ಹೀಗೆ ಮಾಡುತ್ತೇನೆ ಅಂದಾಗ ಹಿರಿಯ ಎಂಜಿನಿಯರ್ ಒಬ್ಬರು ಒಪ್ಪಲಿಲ್ಲ. "ಹಾಗಾದ್ರೆ ಮಾಡಿರೋ ಕಳಪೆ ಕೆಲಸ ಎಲ್ಲ ಮುಚ್ಚಿಹೋಗುತ್ತಲ್ಲಪ್ಪ?" ಅಂದರು. ಮುಚ್ಚಿಹೋಗುವುದಿಲ್ಲ. ಕಳಪೆ ಕೆಲಸವೂ ಉಳಿದ ಕೆಲಸವೇ. "ಕಿತ್ತು ಮತ್ತೆ ಮಾಡುವುದು" ಅಂತ ಉಳಿದ ಕೆಲಸದ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೀಳುತ್ತದೆ, ಕೀಳುವ ಕೂಲಿ, ಕಸ ಸಾಗಿಸುವ ಖರ್ಚು ಎಲ್ಲ ಸೇರಿ. ಪರಿಚಯದ ವಕೀಲರೊಬ್ಬರು ಇನ್ನೂ ಮುಂದೆ ಹೋಗಿ, ಮನೆಯವರನ್ನೂ ಕಂಟ್ರಾಕ್ಟರನ್ನೂ ಒಂದೇ ಮನೆಯೊಳಗೆ ನಿಲ್ಲಿಸಿದರೆ ಕೈಕೈ ಮಿಲಾಯಿಸುತ್ತಾರೆ ಅಂದಿದ್ದರು. ಈಗ ಅವರೇ ತಮ್ಮ ಕಕ್ಷಿದಾರರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಸೋತದ್ದನ್ನು ಹೇಳುತ್ತೇನೆ, ಕಲಿತದ್ದೆಲ್ಲ ಅಲ್ಲೇ. ಮೊದಲನೇ ಸೈಟಿನಲ್ಲಿ ಮೂರು ದಿನ ಟೇಪ್ ಹಿಡಿದು ಆಗಿರುವ ಕೆಲಸವನ್ನೆಲ್ಲ ಅಳೆದೆ. ಪ್ಲಾಸ್ಟರಿಂಗ್‌ನಲ್ಲಿ ಬಾಗಿಲು, ಕಿಟಕಿಯ ಜಾಗವನ್ನು ಅಳತೆಯಿಂದ ಕಳೆಯಬೇಕೋ ಬೇಡವೋ ಅನ್ನುವುದರಲ್ಲೇ ಒಂದು ದಿನ ಹೋಯಿತು. ಕೊನೆಗೆ ಇಬ್ಬರೂ ತಂತಮ್ಮ ಎಂಜಿನಿಯರನ್ನು ಕರೆಸಿದರು, ಒಂದರ ಬದಲು ಮೂರು ಅಂಕಿ ಬಂದವು. ನನ್ನ ಫೀಸು ಬರಲಿಲ್ಲ, ಬಡಗಿಯನ್ನು ಬಿಡಬಾರದು ಅಂತ ಕೈಯಿಂದ ಕೊಟ್ಟ ದುಡ್ಡೂ ವಾಪಸ್ ಬರಲಿಲ್ಲ. ಒಟ್ಟು ಗುತ್ತಿಗೆಯ ನೂರಕ್ಕೆ ನಾಲ್ಕರಷ್ಟಾದರೂ ಇದ್ದಿರಬೇಕು ಅದು.

ಇನ್ನೊಂದರಲ್ಲಿ ತಡವಾದ ದಿನಕ್ಕೆ ಇಷ್ಟು ಅಂತ ದಂಡ ಹಾಕಿಸಿದೆ. ಎರಡು ವಾರ ಬಿಲ್ಲಿನಲ್ಲಿ ದಂಡ ಮುರಿದುಕೊಂಡರು. ಮೂರನೇ ವಾರ ಕಂಟ್ರಾಕ್ಟರ್ ಫೋನು ಸ್ವಿಚ್ ಆಫ್. ಮೊದಲೇ ಕೈ ಬರಿದಾಗಿ ಕೆಲಸ ನಿಲ್ಲಿಸಿದವನಿಂದ ಮತ್ತೆ ದುಡ್ಡು ಕಿತ್ತರೆ ಅವನು ಬರುವುದಾದರೂ ಯಾಕೆ? ನಾನು ಕಂಡ ಮಟ್ಟಿಗೆ ಕೆಲಸ ನಿಲ್ಲುವುದು ಮೋಸದಿಂದಲೇ ಅಲ್ಲ. ಈ ಮನೆಯ ಅಡ್ವಾನ್ಸು ಹಿಂದಿನ ಮನೆಯ ಲೇಬರ್ ಬಾಕಿಗೆ ಹೋಗಿರುತ್ತದೆ, ಮುಂದಿನ ಮನೆಯ ಅಡ್ವಾನ್ಸು ಬಂದರೆ ಇಲ್ಲಿ ಕೆಲಸ ಶುರು. ಆ ಸರಪಳಿ ಎಲ್ಲೋ ಒಂದು ಕಡೆ ಕಡಿದರೆ ಮೂರು ಮನೆ ಒಟ್ಟಿಗೆ ನಿಲ್ಲುತ್ತವೆ.

ಮೂರನೆಯದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಸೈಟಿನ ಸ್ಥಿತಿ ದಾಖಲಿಸುವ ಮೊದಲೇ ಹೊಸ ಮೇಸ್ತ್ರಿಯನ್ನು ಇಳಿಸಿಬಿಟ್ಟೆ. ಅವನು ಬಾತ್‌ರೂಮಿನ ನೆಲ ಒಡೆದ. ಆಮೇಲೆ ಕೆಳಗಿನ ಕೋಣೆಗೆ ನೀರು ಇಳಿದಾಗ ಅದು ಹಳಬನ ತಪ್ಪೋ ಹೊಸಬನ ತಪ್ಪೋ ಅಂತ ಹೇಳಲು ಯಾರಿಂದಲೂ ಆಗಲಿಲ್ಲ. ಎಲ್ಲ ಖರ್ಚೂ ಮನೆಯವರ ತಲೆಗೇ ಬಂತು. ಅಂದಿನಿಂದ ಫೋಟೋ ತೆಗೆಯದೆ ಒಂದು ಟೈಲ್ಸನ್ನೂ ಕೀಳಿಸಿಲ್ಲ. ಪ್ರತಿ ಫೋಟೋದಲ್ಲೂ ಟೇಪ್ ಬಿಚ್ಚಿಟ್ಟಿರಬೇಕು, ಆ ಕೋಣೆಯ ಬಾಗಿಲೋ ಕಿಟಕಿಯೋ ಚೂರು ಕಾಣಬೇಕು. ವಿಡಿಯೋ ಮಾಡಿ ನೋಡಿದೆ, ಬೇಡ ಅನ್ನಿಸಿತು. ಕ್ಯಾಮೆರಾ ಕಂಡರೆ ಇಬ್ಬರ ದನಿಯೂ ಏರುತ್ತದೆ.

ಈಗ ಗೆದ್ದ ಸೈಟು. ಒಟ್ಟು ಗುತ್ತಿಗೆ 100 ಅಂದುಕೊಳ್ಳಿ. ಮನೆಯವರು ಕೊಟ್ಟಿದ್ದು 75. ಕಂಟ್ರಾಕ್ಟರ್ ವಾದ: 80ರಷ್ಟು ಕೆಲಸ ಆಗಿದೆ, ಎಕ್ಸ್‌ಟ್ರಾ ಕೆಲಸ 12, ಹಾಗಾಗಿ ಇನ್ನೂ 17 ಕೊಟ್ಟರೆ ಮಾತ್ರ ಸೈಟಿಗೆ ಕಾಲಿಡುತ್ತೇನೆ. ಮನೆಯವರ ವಾದ: ಆಗಿರುವುದು 50, ಉಳಿದ 25 ವಾಪಸ್ ಕೊಡು. ನಾಲ್ಕು ತಿಂಗಳಿಂದ ಮಾತೇ ಇಲ್ಲ. ಕಂಟ್ರಾಕ್ಟರನ್ನು ಸೈಟಿಗೆ ಹೇಗೆ ಬರಿಸಿದೆ ಅನ್ನುವುದನ್ನು ಮಾತ್ರ ನಾನು ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಕೋಣೆಯಿಂದ ಕೋಣೆಗೆ ನಡೆಯುತ್ತಾ ಪಟ್ಟಿ ಬರೆದೆ, ನಲವತ್ತಮೂರು ಸಾಲು ಆದವು ಅಂತ ನೆನಪು. "ಬಾತ್‌ರೂಮ್ ಫಿನಿಶಿಂಗ್" ಅನ್ನುವಂಥ ಸಾಲು ಒಂದೂ ಇರಬಾರದು. "ಬಾಗಿಲು ನೆಲಕ್ಕೆ ತಾಗಬಾರದು, ತಾನಾಗಿ ಮುಚ್ಚಬಾರದು, ಬೋಲ್ಟ್ ಒಂದೇ ಬೆರಳಲ್ಲಿ ಬೀಳಬೇಕು", ಹೀಗೆ ಕಣ್ಣೆದುರು ಮಾಡಿ ತೋರಿಸಬಲ್ಲ ಮಾತಾಗಿರಬೇಕು. ಟೈಲ್ಸಿಗೆ ನಾಣ್ಯ ತಟ್ಟಿ ಟೊಳ್ಳು ಸದ್ದು ಬಂದದ್ದಕ್ಕೆಲ್ಲ ಸೀಮೆಸುಣ್ಣದ ಗುರುತು. ಮೂಲೆ ಟೊಳ್ಳಾಗಿದ್ದರೆ ಅದೇ ಮೊದಲು ಒಡೆಯುವುದು, ಹಾಗಾಗಿ ಮೂಲೆಗಳ ವಿಚಾರದಲ್ಲಿ ನಾನು ಬಿಡುವುದಿಲ್ಲ.

ಬಾತ್‌ರೂಮಿನ ನೀರಿನ ಪರೀಕ್ಷೆ ಅಂದರೆ ನೀರು ಹೋಗುವ ತೂತು ಮುಚ್ಚಿ, ನೆಲದ ಮೇಲೆ ನೀರು ಕಟ್ಟಿ, ಮಟ್ಟಕ್ಕೆ ಗೆರೆ ಎಳೆದು, ಮರುದಿನ ಇಳಿದಿದೆಯಾ ಅಂತ ನೋಡುವುದು. ಜಗಳ ಬರುವುದು "ನೀರು ಆವಿಯಾಗಿದೆ" ಅನ್ನುವ ಮಾತಿಗೆ. ಅದಕ್ಕೆ ನಾನು ಪಕ್ಕದಲ್ಲೇ ಅಗಲ ಬಾಯಿಯ ಟಬ್ಬೊಂದರಲ್ಲಿ ನೀರಿಟ್ಟು ಅದಕ್ಕೂ ಪೆನ್ಸಿಲ್ ಗೆರೆ ಎಳೆಯುತ್ತೇನೆ. ನೀರು ಕಟ್ಟಿದ ಕೂಡಲೇ ಗೆರೆ ಎಳೆಯಬೇಡಿ, ಒಣಗಿದ ನೆಲ ಮೊದಲು ಸ್ವಲ್ಪ ಕುಡಿಯುತ್ತದೆ. ನಾಲ್ಕು ಗಂಟೆ ಬಿಟ್ಟು ಎಳೆಯಿರಿ. ಆ ಮನೆಯಲ್ಲಿ ಮರುದಿನ ನೋಡಿದರೆ ಟಬ್ಬಿನ ನೀರು ಗೆರೆಗೆ ಅಂಟಿಕೊಂಡೇ ಇತ್ತು, ನೆಲದ ನೀರು ಒಂದು ಬೆರಳು ಇಳಿದಿತ್ತು. ಕಂಟ್ರಾಕ್ಟರ್ ಎರಡೂ ಗೆರೆ ಬಗ್ಗಿ ನೋಡಿದರು. ಏನೂ ಮಾತಾಡದೆ ಕೆಳಗಿನ ಕೋಣೆಗೆ ಹೋಗಿ ಟಾರ್ಚ್ ಹಾಕಿದರು. ಸ್ಲ್ಯಾಬಿನಲ್ಲಿ ಪೈಪ್ ಇಳಿಯುವ ಜಾಗದ ಸುತ್ತ ತೇವದ ಉಂಗುರ. "ಕಿತ್ತು ಹಾಕ್ತೀನಿ, ಬರ್ಕೊಳ್ಳಿ ಸಾರ್" ಅಂದರು. ಇಬ್ಬರೂ ಮಾತು ಬಿಡುವ ಮುಂಚೆ ಇದೇ ವಿಷಯಕ್ಕೆ ಕಿತ್ತಾಡಿದ್ದರು.

ಗೋಡೆಯ ತೇವಕ್ಕೂ ಒಂದು ಪ್ರಯೋಗ ಮಾಡಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟೆ. ಹಾಳೆಯ ಹಿಂದೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ; ಮುಂದುಗಡೆ ಕಟ್ಟಿದರೆ ಕೋಣೆಯ ಗಾಳಿಯ ತೇವ. ಅಲ್ಲಿ ಮುಂದುಗಡೆ ಕಟ್ಟಿತ್ತು. ಅಂದರೆ ಕಂಟ್ರಾಕ್ಟರ್ ತಪ್ಪಲ್ಲ, ಕಿಟಕಿ ತೆರೆಯದೆ ಇಟ್ಟದ್ದರ ಫಲ. ಆ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಅವತ್ತಿನಿಂದ ಕಂಟ್ರಾಕ್ಟರ್ ನನ್ನ ಮಾತು ನಂಬಿದರು ಅನ್ನಿಸುತ್ತದೆ.

ಪಟ್ಟಿಯನ್ನು ಹೊರಗಿನ ಇಬ್ಬರಿಗೆ ಕೊಟ್ಟು ಕೊಟೇಶನ್ ತರಿಸಿದೆ. ಒಬ್ಬರು 38, ಇನ್ನೊಬ್ಬರು 43. ಸುಮಾರು 40 ಅಂತ ಹಿಡಿದೆವು. ಅದೇ ಪಟ್ಟಿಯನ್ನು ಹಳೆ ಕಂಟ್ರಾಕ್ಟರಿಗೂ ಕೊಟ್ಟು, "ಬೇರೆಯವರು ಬಿಟ್ಟುಹೋದ ಕೆಲಸ ಅಂದ್ಕೊಂಡು ನೀವು ರೇಟ್ ಹಾಕಿ" ಅಂದೆ. ಅವರ ಲೆಕ್ಕ 30ಕ್ಕೆ ನಿಂತಿತು. ಇದು ಯಾವಾಗಲೂ ಹೀಗೆಯೇ: ಹೊಸಬನಿಗೆ ಗೋಡೆಯೊಳಗೆ ಏನಿದೆ ಗೊತ್ತಿಲ್ಲ, ಆ ಭಯಕ್ಕೂ ಅವನು ರೇಟ್ ಹಾಕುತ್ತಾನೆ. ಎಕ್ಸ್‌ಟ್ರಾ 12ರಲ್ಲಿ ಮೆಸೇಜು, ಬಿಲ್ಲು ಇದ್ದದ್ದು 7ಕ್ಕೆ ಮಾತ್ರ. ಹಾಗಾಗಿ ಮನೆಯವರು ಕೊಡಬೇಕಾದ್ದು ಒಟ್ಟು 107, ಬಾಕಿ 32. ಹೊಸಬರನ್ನು ತಂದರೆ 40ರಲ್ಲಿ ಈ 32 ಕಳೆದು ಮನೆಯವರಿಗೆ 8 ಕೈಯಿಂದ ಹೋಗುತ್ತದೆ, ಅದನ್ನು ಹಳಬನಿಂದ ವಸೂಲು ಮಾಡಬೇಕು. ಹಳಬರೇ ಮುಗಿಸಿದರೆ 30ರ ಕೆಲಸಕ್ಕೆ 32 ಸಿಗುತ್ತದೆ. ಕಾಗದ ಮೇಜಿನ ಮೇಲಿಟ್ಟು ನಾನು ಸುಮ್ಮನೆ ಕೂತೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮೊದಲು ಪೆನ್ನು ಎತ್ತಿಕೊಂಡದ್ದು ಮನೆಯ ಯಜಮಾನಿ.

32ರಲ್ಲಿ 5 ಕೊನೆಗೆ ಹಿಡಿದಿಟ್ಟು, ಉಳಿದ 27ನ್ನು ಎಂಟು ತುಂಡು ಮಾಡಿದೆ. ಒಂದೊಂದು ತುಂಡೂ ನಾಲ್ಕೈದು ದಿನದ ಕೆಲಸ. ಪರೀಕ್ಷೆ ಪಾಸಾದ ಸಂಜೆಯೇ ದುಡ್ಡು, ಮರುದಿನಕ್ಕೆ ಇಲ್ಲ. ಮೊದಲ ತುಂಡು ಯಾವುದಾಗಿರಬೇಕು ಅನ್ನುವುದು ಇಡೀ ಆಟದ ಗುಟ್ಟು, ಅದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸಾಮಾನು ಮನೆಯವರೇ ಅಂಗಡಿಗೆ ನೇರ ದುಡ್ಡು ಕೊಟ್ಟು ತಂದರು, ಅದನ್ನು ಆಯಾ ತುಂಡಿನಲ್ಲೇ ಕಳೆದೆವು. ಇಲ್ಲಿ ಒಂದು ಎಡವಟ್ಟು ಆಯಿತು: ಕಡಿಮೆ ಬಿದ್ದ ಟೈಲ್ಸನ್ನು ಬೇರೆ ಬ್ಯಾಚಿನದ್ದು ತಂದರು, ಬಣ್ಣ ಒಂದು ಛಾಯೆ ಆಚೀಚೆ. ಹೊಸ ಟೈಲ್ಸನ್ನೆಲ್ಲ ಬಾಗಿಲ ಹಿಂದಿನ ಪಟ್ಟಿಗೆ ಸರಿಸಿ ಸುಧಾರಿಸಿದೆವು. ಒಂದು ದಿನವೂ, ನೂರರ ಲೆಕ್ಕದಲ್ಲಿ ಮುಕ್ಕಾಲರಷ್ಟು ದುಡ್ಡೂ ಹೋಯಿತು. ಅದನ್ನು ಮನೆಯವರೇ ಹೊತ್ತರು.

ಏಳು ವಾರದಲ್ಲಿ ಕೆಲಸ ಮುಗಿಯಿತು. ಇದೇ ಬಗೆಯಲ್ಲಿ ಈವರೆಗೆ 17 ಅಥವಾ 18 ಸೈಟು ಹಿಡಿದಿದ್ದೇನೆ. ಹನ್ನೊಂದರಲ್ಲಿ ಹಳೆ ಕಂಟ್ರಾಕ್ಟರೇ ಮುಗಿಸಿದರು, ನಾಲ್ಕೈದರಲ್ಲಿ ಲೆಕ್ಕ ಚುಕ್ತಾ ಮಾಡಿ ಬೇರೆಯಾದರು. ಉಳಿದೆರಡು ಕೋರ್ಟಿಗೆ ಹೋದವು. ಅಲ್ಲಿಗೂ ಇದೇ ಪಟ್ಟಿ, ಇದೇ ಫೋಟೋ, ಇದೇ ಎರಡು ಕೊಟೇಶನ್ ಹೋಗಿವೆ. ಆದರೆ ಹೊಸಬರನ್ನು ಇಳಿಸುವ ಮುನ್ನ "ಇಂತಿಷ್ಟು ದಿನದಲ್ಲಿ ಬಂದು ಮುಗಿಸಿ" ಅಂತ ಬರಹದಲ್ಲಿ ಅವಕಾಶ ಕೊಟ್ಟಿರಬೇಕು, ಕೊಟ್ಟದ್ದಕ್ಕೆ ದಾಖಲೆ ಇರಬೇಕು.

ಹಿಡಿದಿಟ್ಟ 5ರ ವಿಚಾರ ಹೇಳುವುದನ್ನೇ ಬಿಟ್ಟೆ. ಆರು ತಿಂಗಳ ಮೇಲೆ ನಾಣ್ಯ ಹಿಡಿದು ಮತ್ತೆ ಹೋದೆ. ಅಡುಗೆಮನೆಯಲ್ಲಿ ಎರಡು ಟೈಲ್ಸ್ ಟೊಳ್ಳು ಸದ್ದು ಮಾಡಿದವು. ಕಂಟ್ರಾಕ್ಟರ್ ಅವತ್ತೇ ಮೇಸ್ತ್ರಿಯನ್ನು ಕರೆತಂದು ಬದಲಾಯಿಸಿದರು. ಬದಲಿ ಟೈಲ್ಸು ಅದೇ ಬ್ಯಾಚಿನವು, ತಮ್ಮ ಗೋಡೌನಿನಲ್ಲಿ ಎತ್ತಿಟ್ಟಿದ್ದರು. ಸಂಜೆ ಮನೆಯವರು ಪೂರ್ತಿ 5 ಕೊಟ್ಟು, ಮಹಡಿಯ ಮೇಲಿನ ಕೋಣೆಗೆ ಎಸ್ಟಿಮೇಟ್ ಕೇಳಿದರು.