ಪೆಡಲ್ ತುಳಿದರೆ ಟಕ್ ಟಕ್: ಕ್ರ್ಯಾಂಕ್, ಬಿಬಿ ನಾನೇ ಬಿಚ್ಚಿ ಕೂರಿಸಿದ್ದು

ಸೈಕಲ್ ತುಳಿಯುವಾಗ ಕಾಲಡಿಯಿಂದ ಟಕ್ ಟಕ್ ಅಂತ ಬಂದರೆ ಎಲ್ಲರೂ ಹೇಳುವುದು ಒಂದೇ ಮಾತು, ಬಿಬಿ ಹೋಗಿದೆ, ಹೊಸದು ಹಾಕಿ. ಪೆಡಲ್ ಕೂರುವ ತೋಳು ಕ್ರ್ಯಾಂಕ್; ಎರಡು ಕ್ರ್ಯಾಂಕ್‌ಗಳ ನಡುವೆ ಫ್ರೇಮ್ ಒಳಗೆ ಇರುವ ಆಕ್ಸಲ್, ಬೇರಿಂಗ್ ಸೆಟ್ಟೇ ಬಿಬಿ, ಅಂದರೆ ಬಾಟಮ್ ಬ್ರಾಕೆಟ್. ನಾನು ಹೇಳುವುದು, ಸದ್ದು ಎಲ್ಲಿಂದ ಅಂತ ಗೊತ್ತಾಗುವವರೆಗೆ ಪಾನಾ ಮುಟ್ಟಬೇಡಿ. ಪೆಡಲ್, ಕ್ರ್ಯಾಂಕ್ ಬೋಲ್ಟ್, ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಬೋಲ್ಟ್, ಸೀಟ್ ಪೋಸ್ಟ್ ಎಲ್ಲವೂ ಅದೇ ಥರ ಸದ್ದು ಮಾಡುತ್ತವೆ, ಫ್ರೇಮ್ ಪೈಪಿನೊಳಗೆ ಅದು ಓಡಾಡಿ ಎಲ್ಲಾ ಬಿಬಿಯಿಂದಲೇ ಬಂದ ಹಾಗೆ ಕೇಳಿಸುತ್ತದೆ.

ನಮ್ಮಣ್ಣನ ಮಗ ಇಲ್ಲಿ ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯುವ ಹುಡುಗ. ಬೆಟ್ಟ 1478 ಮೀಟರ್ ಎತ್ತರ, ತಿರುವುಗಳಲ್ಲಿ ಎದ್ದು ನಿಂತು ತುಳಿಯಲೇಬೇಕು, ಅಂಥ ಕಡೆ ಸ್ವಲ್ಪ ಲೂಸ್ ಇದ್ದರೂ ಬಯಲಾಗುತ್ತದೆ.

"ಚಿಕ್ಕಪ್ಪಾ, ಹತ್ತುವಾಗ ಮಾತ್ರ ಬರ್ತಿದೆ, ಇಳಿಯುವಾಗ ಇಲ್ಲ" ಅಂದ.

"ಎದ್ದು ನಿಂತು ತುಳಿದ್ರೂ ಬರುತ್ತಾ?"

"ಆಗ್ಲೇ ಜಾಸ್ತಿ."

ಅಲ್ಲಿಗೆ ಸೀಟ್ ಪೋಸ್ಟ್ ಮೇಲಿನ ಅನುಮಾನ ಹೋಯಿತು. ಪೆಡಲ್ ಎರಡನ್ನೂ ಬಿಚ್ಚಿ, ಗ್ರೀಸ್ ಹಚ್ಚಿ ಹಾಕಿದೆವು, ಸದ್ದು ಹೋಗಲಿಲ್ಲ. ಆಮೇಲೆ ಚೈನ್ ಇಳಿಸಿ, ಎರಡು ಕ್ರ್ಯಾಂಕ್ ತೋಳನ್ನೂ ಒಟ್ಟಿಗೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿದೆ. ಎರಡೂ ಜೊತೆಯಾಗಿ ಅಲ್ಲಾಡಿದರೆ ಬೇರಿಂಗ್ ಸಡಿಲ ಆಗಿದೆ ಅಂತ. ಒಂದು ಮಾತ್ರ ಅಲ್ಲಾಡಿದರೆ ಆ ತೋಳು ಆಕ್ಸಲ್ ಮೇಲೆ ಸರಿಯಾಗಿ ಕೂತಿಲ್ಲ ಅಂತ. ಇಲ್ಲಿ ಎಡಗಡೆಯದು ಮಾತ್ರ ಅಲ್ಲಾಡಿತು. ಆದರೆ ಕ್ರ್ಯಾಂಕ್ ಮೆಲ್ಲಗೆ ತಿರುಗಿಸಿದಾಗ ಮರಳು ಅರೆದ ಹಾಗೆ ಕೈಗೆ ಗೊತ್ತಾಗುತ್ತಿತ್ತು. ಅಂದರೆ ತೋಳೂ ಲೂಸ್, ಬೇರಿಂಗೂ ಮುಗಿದಿದೆ.

ಇದು ಚೌಕ ಆಕ್ಸಲ್‌ನ ಕಾರ್ಟ್ರಿಡ್ಜ್ ಬಿಬಿ, ಅಂದರೆ ಆಕ್ಸಲ್, ಬೇರಿಂಗ್ ಎಲ್ಲಾ ಒಂದೇ ಮುಚ್ಚಿದ ಕೊಳವೆಯಲ್ಲಿ ಬರುವಂಥದ್ದು, ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಇದೇ ಜಾಸ್ತಿ. ಬಿಚ್ಚುವುದಕ್ಕೆ ತೋಳನ್ನು ಆಕ್ಸಲ್‌ನಿಂದ ಎಳೆದು ತೆಗೆಯುವ ಕ್ರ್ಯಾಂಕ್ ಪುಲ್ಲರ್ ಬೇಕು, ಒಳಹಲ್ಲಿನ ಬಿಬಿ ಟೂಲ್ ಬೇಕು, ಉದ್ದ ಹಿಡಿಯ ಪಾನಾ ಬೇಕು. ಸುತ್ತಿಗೆಯಲ್ಲಿ ಹೊಡೆದು ಕ್ರ್ಯಾಂಕ್ ಬಿಚ್ಚುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ, ಒಂದೊಂದು ಏಟೂ ಬೇರಿಂಗ್ ಮೇಲೆಯೇ ಬೀಳುತ್ತದೆ. ಪುಲ್ಲರ್ ಹಾಕುವಾಗ ಎರಡು ವಿಷಯ ನೋಡಿಕೊಳ್ಳಿ. ಬೋಲ್ಟ್ ತೆಗೆದ ಮೇಲೆ ಒಳಗೆ ವಾಷರ್ ಅಂಟಿಕೊಂಡು ಕೂತಿರಬಹುದು, ಟಾರ್ಚ್ ಬಿಟ್ಟು ನೋಡಿ ಅದನ್ನೂ ತೆಗೆಯಬೇಕು. ಇನ್ನೊಂದು, ಪುಲ್ಲರ್‌ನ ಹೊರಗಿನ ಥ್ರೆಡ್ ತೋಳಿನೊಳಗೆ ಪೂರ್ತಿ ಹೋಗಿರಬೇಕು. ಎರಡು ಸುತ್ತು ಹಾಕಿ ಒತ್ತಿದರೆ ತೋಳಿನ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡೇ ಬರುತ್ತದೆ. ಆಮೇಲೆ ಆ ತೋಳನ್ನು ತೆಗೆಯುವುದೇ ದೊಡ್ಡ ತಲೆನೋವು.

ಎಡಗಡೆ ತೋಳು ಬಂತು. ಅದರ ಚೌಕ ತೂತು ನೋಡಿದರೆ ಮೂಲೆಗಳು ಸವೆದು ಗುಂಡಗಾಗಿದ್ದವು, ಒಳಗೆಲ್ಲಾ ಕಪ್ಪು ಪುಡಿ. ಆಕ್ಸಲ್ ಉಕ್ಕು, ತೋಳು ಅಲ್ಯೂಮಿನಿಯಂ. ಬೋಲ್ಟ್ ಸಡಿಲ ಇರುವಾಗ ತುಳಿದರೆ ಉಕ್ಕು ಅಲ್ಯೂಮಿನಿಯಂ ಅನ್ನು ತಿನ್ನುತ್ತಾ ಹೋಗುತ್ತದೆ. ಹಿಂದೆ ಯಾವುದೋ ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ್ದನಂತೆ, ಅಲ್ಲಿ ಈ ಬೋಲ್ಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ. ಸವೆದ ತೋಳನ್ನು ಎಷ್ಟು ಟೈಟ್ ಮಾಡಿದರೂ ಮತ್ತೆ ಸಡಿಲ ಆಗುತ್ತದೆ. ಹೊಸ ತೋಳೇ ತರಬೇಕು, ಬೇರೆ ದಾರಿ ಇಲ್ಲ.

ಈಗ ಬಿಬಿ. ಹೆಚ್ಚಿನವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು, ಯಾಕಂದರೆ ಚೈನ್ ಇರುವ ಬಲಗಡೆ ಕಪ್‌ನ (ಬಿಬಿಯನ್ನು ಫ್ರೇಮ್‌ಗೆ ಹಿಡಿಸುವ ಥ್ರೆಡ್ ಇರುವ ಬಳೆ) ಥ್ರೆಡ್ ಉಲ್ಟಾ. ಮಾಮೂಲಿ ನಟ್ ಥರ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ. ನಾನು ಹುಡುಗನಿಗೆ ಹೇಳಿಕೊಟ್ಟ ಲೆಕ್ಕ ಇದು: ಪಾನಾ ಹಿಡಿ ಮೇಲಕ್ಕೆ ನಿಲ್ಲಿಸಿ ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಚ್ಚುತ್ತದೆ, ಹಿಂದಿನ ಚಕ್ರದ ಕಡೆ ಎಳೆದರೆ ಬಿಗಿಯಾಗುತ್ತದೆ. ಸೈಕಲ್‌ನ ಯಾವ ಪಕ್ಕ ನಿಂತರೂ ಇದೇ. ಪೆಡಲ್‌ಗೆ ಮಾತ್ರ ಇದು ಪೂರ್ತಿ ತಿರುಗುಮುರುಗು. ಇಟಾಲಿಯನ್ ಥ್ರೆಡ್‌ನ ಫ್ರೇಮ್‌ಗಳಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್ಡೇ ಇರುತ್ತದೆ, ಅಂಥವು ನಮ್ಮ ಕಡೆ ಕಾಣಸಿಗುವುದು ಅಪರೂಪ.

ತುಕ್ಕು ಹಿಡಿದ ಕಪ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಬಿಟ್ಟೆ. ಟೂಲ್ ಜಾರಿದರೆ ಹಲ್ಲು ಹೋಗುತ್ತದೆ, ಹಾಗಾಗಿ ಕ್ರ್ಯಾಂಕ್ ಬೋಲ್ಟನ್ನೇ ದೊಡ್ಡ ವಾಷರ್ ಜೊತೆ ಆಕ್ಸಲ್‌ಗೆ ಹಾಕಿ ಟೂಲನ್ನು ಅಲುಗದ ಹಾಗೆ ಹಿಡಿಸಿದೆ. ಕಪ್ ಸ್ವಲ್ಪ ಬಿಟ್ಟುಕೊಂಡ ತಕ್ಷಣ ಆ ಬೋಲ್ಟನ್ನೂ ಸಡಿಲಿಸಬೇಕು, ಇಲ್ಲದಿದ್ದರೆ ಕಪ್ ಹೊರಗೆ ಬರಲು ಜಾಗ ಇರುವುದಿಲ್ಲ. ಬಿಬಿ ಬಂದಾಗ ಜೊತೆಗೆ ಕೆಂಪು ನೀರು ಸುರಿಯಿತು. ಮಳೆಯಲ್ಲಿ ನಿಲ್ಲಿಸಿದ ಸೈಕಲ್‌ಗೆ ಸೀಟ್ ಪೋಸ್ಟ್ ಸಂದಿನಿಂದ ನೀರು ಇಳಿದು ಇಲ್ಲೇ ನಿಲ್ಲುತ್ತದೆ, ಅದೇ ಬೇರಿಂಗ್ ತಿಂದದ್ದು.

ಹೊಸದು ತರುವ ಮುಂಚೆ ಹಳೆಯದರ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. ಇದರಲ್ಲಿ 68 ಮತ್ತು 122.5 ಅಂತ ಇತ್ತು. 68 ಮಿಲಿಮೀಟರ್ ಫ್ರೇಮ್‌ನ ಶೆಲ್, ಅಂದರೆ ಬಿಬಿ ಕೂರುವ ಅಡ್ಡ ಪೈಪಿನ ಅಗಲ, 122.5 ಆಕ್ಸಲ್ ಉದ್ದ. ಅಂಗಡಿಯಲ್ಲಿ 113 ಕೊಟ್ಟು ಇದೂ ಆಗುತ್ತೆ ಅಂದರೆ ಬೇಡ ಅನ್ನಿ. ಆಕ್ಸಲ್ ಗಿಡ್ಡ ಆದರೆ ಚೈನ್‌ರಿಂಗ್ ಫ್ರೇಮ್‌ಗೆ ಉಜ್ಜುತ್ತದೆ, ಉದ್ದ ಆದರೆ ಚೈನ್ ಓರೆಯಾಗಿ ಓಡುತ್ತದೆ, ಮುಂದಿನ ಗೇರ್ ಸರಿಯಾಗಿ ಬೀಳುವುದಿಲ್ಲ.

ಶೆಲ್ ಒಳಗಿನ ಥ್ರೆಡ್ ಅನ್ನು ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಧಾರಾಳವಾಗಿ ಗ್ರೀಸ್ ಹಚ್ಚಿದೆವು. ಬಲಗಡೆಯಿಂದ ಬಿಬಿ ಇಟ್ಟು ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ಟಕ್ ಅಂತ ಸಣ್ಣಗೆ ಇಳಿಯುತ್ತದೆ, ಅದು ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್‌ನ ಬಾಯಿ ಅದೇ. ಅಲ್ಲಿಂದ ಬಿಗಿಯುವ ದಿಕ್ಕಿಗೆ ಬರೀ ಕೈಯಲ್ಲಿ ತಿರುಗಿಸುತ್ತಾ ಹೋಗಿ. ಮೂರ್ನಾಲ್ಕು ಸುತ್ತು ಕೈಯಲ್ಲೇ ಹೋಗದಿದ್ದರೆ ಓರೆ ಹೋಗಿದೆ ಅಂತಲೇ ಅರ್ಥ, ಹೊರಗೆ ತೆಗೆದು ಮತ್ತೆ ಶುರು ಮಾಡಿ. ಬಲವಂತ ಮಾಡಿದರೆ ಹೋಗುವುದು ಫ್ರೇಮ್‌ನ ಥ್ರೆಡ್, ಬಿಬಿಯ ಹತ್ತು ಪಟ್ಟು ಖರ್ಚು ಅಲ್ವಾ ಅದು? ಎಡಗಡೆ ಕಪ್ಪನ್ನೂ ಕೈಯಲ್ಲಿ ಕೆಲವು ಸುತ್ತು ಹಿಡಿಸಿ, ಆಮೇಲೆ ಬಲಗಡೆ ಅಂಚು ಫ್ರೇಮ್‌ಗೆ ತಾಗುವ ತನಕ ಬಿಗಿ ಮಾಡಿ, ಕೊನೆಗೆ ಎಡಗಡೆ.

ಬಿಗಿ 50ರಿಂದ 70 ನ್ಯೂಟನ್ ಮೀಟರ್ ಇರಬೇಕು. ಟಾರ್ಕ್ ಪಾನಾ ಇಲ್ಲದವರು 30 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಸುಮಾರು 20 ಕೆಜಿ ಭಾರ ಬಿಟ್ಟ ಹಾಗೆ ಒತ್ತಿದರೆ 60ರ ಹತ್ತಿರ ಬರುತ್ತದೆ. ಕ್ರ್ಯಾಂಕ್ ಬೋಲ್ಟ್‌ಗೆ 35ರಿಂದ 50 ಸಾಕು. ತೋಳು ಕೂರಿಸುವ ಮುಂಚೆ ಆಕ್ಸಲ್‌ನ ನಾಲ್ಕೂ ಮುಖ, ತೋಳಿನ ತೂತು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆವು. ಒಂದು ಮರಳಿನ ಕಣ ಇದ್ದರೂ ತೋಳು ಸರಿಯಾಗಿ ಕೂರುವುದಿಲ್ಲ. ಬೋಲ್ಟ್ ಥ್ರೆಡ್‌ಗೆ ಮಾತ್ರ ಗ್ರೀಸ್.

ಹುಡುಗ ಮತ್ತೆ ಬೆಟ್ಟ ಹತ್ತಿ ಬಂದ, ಸದ್ದು ಇಲ್ಲ. ಬಂದ ಮೇಲೆ ಬೋಲ್ಟ್‌ಗಳನ್ನು ಅದೇ ಬಿಗಿಗೆ ಒಂದು ಸಲ ನೋಡಿದೆವು, ಅಷ್ಟೇ. ವಾರವಾರ ಸುಮ್ನೆ ಬಿಗಿ ಮಾಡುತ್ತಾ ಹೋದರೆ ತೋಳು ಮೇಲೆ ಮೇಲೆ ಹತ್ತಿ ಕೊನೆಗೆ ಬಿರುಕು ಬಿಡುತ್ತದೆ. ಒಮ್ಮೆ ನೋಡಿದ ಮೇಲೂ ಸಡಿಲ ಆಗುತ್ತಿದ್ದರೆ ತೋಳು ಬದಲಾಯಿಸುವುದೇ ಸರಿ. ಸೀಟ್ ಪೋಸ್ಟ್ ಸಂದಿಗೆ ಗ್ರೀಸ್ ಹಚ್ಚಿ, ಹಳೆ ಟ್ಯೂಬ್‌ನ ತುಂಡೊಂದನ್ನು ಎಳೆದು ಹಾಕಿದ್ದೇವೆ, ಮುಂದಿನ ಮಳೆಗೆ ನೀರು ಇಳಿಯಬಾರದು ಅಂತ.