ಚೊಗರಿನ ವಾಸನೆಯನ್ನು ಕಥೆಯೊಳಗೆ ತಂದ ಬಗೆ

ವಾಸನೆಯನ್ನು ಹೆಸರಿಸಬಹುದೇ ಹೊರತು ಬರೆಯಲಾಗದು ಎಂದು ನಮ್ಮ ಕಥೆಗಾರರ ಬಳಗದಲ್ಲಿ ಬಹುತೇಕರು ವಾದಿಸುತ್ತಿದ್ದರು. ಕಳೆದ ವರ್ಷ, ಚೊಗರಿನ (ಅಡಿಕೆ ಬೇಯಿಸಿದ ಒಗರು ರಸದ) ವಾಸನೆಯಿರುವ ನನ್ನ ಕಥೆ ಅಚ್ಚಾದ ಮೇಲೆ, ಅಡಿಕೆ ಬೇಯಿಸುವುದನ್ನು ಎಂದೂ ಕಾಣದ ಬಯಲುಸೀಮೆಯ ಇಬ್ಬರು ಮಿತ್ರರು ಓದುತ್ತಿದ್ದಾಗಲೇ ಬಾಯಿ ಒಗರಾಯಿತೆಂದು ಫೋನ್ ಮಾಡಿದರು. ಆ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ತೋಟದ ಮನೆಯೊಂದರಲ್ಲಿ ಯಜಮಾನರು ತೀರಿಕೊಂಡ ಮೇಲಿನ ಮೊದಲ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ನನ್ನ ಕಥೆಯ ವಸ್ತು. ಅವರಿಲ್ಲದಿರುವುದು ಓದುಗರ ಮೈಗೆ ತಾಗಬೇಕಿತ್ತು. ಮೊದಲ ಕರಡಿನಲ್ಲಿ ಮನೆ ‘ಬಿಕೋ’ ಎಂದಿತು. ಎರಡನೆಯದರಲ್ಲಿ ಕತ್ತಲೆ ‘ಗವ್’ ಎಂದಿತು, ಕರುಳು ‘ಚುರ್’ ಎಂದಿತು. ಸದ್ದೇ ಇಲ್ಲದ ಸಂಗತಿಗೂ ಸದ್ದು ಕೊಡುವ ಇಂಥ ಪದಗಳು ಕನ್ನಡದ ದೊಡ್ಡ ಆಸ್ತಿಯೆಂದೇ ನಾನು ನಂಬಿದ್ದೇನೆ. ಆದರೆ ಬಳಸಿ ಬಳಸಿ ಇವು ಸವೆದಿವೆ. ಕಣ್ಣು ಇವುಗಳ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಮೂರನೆಯ ಕರಡಿನಲ್ಲಿ ಉಪಮೆಗಳನ್ನು ಸುರಿದೆ. ಒಂದೇ ಪುಟದಲ್ಲಿ ‘ಅಂತೆ’, ‘ಹಾಗೆ’ಗಳು ಹದಿನಾಲ್ಕೋ ಹದಿನೈದೋ ಇದ್ದವು. ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದವು. ನಡುವೆ ಸುಮಾರು 3,500 ರೂಪಾಯಿ ಕಟ್ಟಿ ಒಂದು ಕಥಾಕಮ್ಮಟಕ್ಕೂ ಹೋಗಿ ಬಂದೆ. ಐದು ಇಂದ್ರಿಯಗಳಿಗೂ ತಲಾ ಒಂದು ವಾಕ್ಯ ಕೊಡಿ ಎಂದರು. ಕೊಟ್ಟೆ, ಕಥೆ ಇನ್ನಷ್ಟು ಸತ್ತಿತು.

ಕೊನೆಗೆ ನವೆಂಬರಿನಲ್ಲಿ ಸಂಬಳವಿಲ್ಲದ ರಜೆ ಹಾಕಿ, ಬಂಧುಗಳ ಮನೆಯಲ್ಲಿ ಒಂಬತ್ತು ದಿನ ಅಡಿಕೆ ಸುಲಿಯಲು ಕುಳಿತೆ. ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಎರಡನೆಯ ದಿನವೇ ಮೆಟ್ಟುಗತ್ತಿಗೆ ಹೆಬ್ಬೆರಳು ಕೊಯ್ದಿತು. ಅಡಿಕೆ ಬೇಯಿಸುವ ಹಂಡೆಯ ಬಳಿ ದುಡಿಯುವವರು ಯಾರೂ ಚೊಗರಿನ ವಾಸನೆಯ ಮಾತೆತ್ತುವುದಿಲ್ಲ ಎಂಬುದು ಅಲ್ಲಿ ನನ್ನ ಗಮನಕ್ಕೆ ಬಂತು. ಅದು ಅವರಿಗೆ ಮೂಗಿನಲ್ಲಿಲ್ಲ, ಬೆರಳಿನಲ್ಲಿದೆ. ತೊಳೆದರೂ ಹೋಗದ ಆ ಕಪ್ಪು, ರಾತ್ರಿ ಕಲಸಿದ ಅನ್ನಕ್ಕೂ ಒಗರು ಹತ್ತಿಸುತ್ತದೆ. ಹಾಗಾಗಿ ನಾನು ಹಂಡೆಯನ್ನು ಬಿಟ್ಟು ಊಟವನ್ನು ಬರೆದೆ.

ಯಜಮಾನರ ಗೈರುಹಾಜರಿಯೂ ಕೈಕೆಲಸದಲ್ಲೇ ಸಿಕ್ಕಿತು. ಬೇಳೆ, ಅಂದರೆ ಸುಲಿದ ಅಡಿಕೆ, ಬೆಂದಿದೆಯೇ ಎಂದು ನೋಡಿ ಹೇಳುವವರು ಅವರಾಗಿದ್ದರು. ಕಥೆಯಲ್ಲಿ ಹೆಂಡತಿ ಸೌಟಿನಲ್ಲಿ ಒಂದು ಬೇಳೆ ಎತ್ತಿ, ಅಭ್ಯಾಸಬಲದಿಂದ ಪಕ್ಕಕ್ಕೆ ಚಾಚುತ್ತಾಳೆ; ತೆಗೆದುಕೊಳ್ಳುವ ಕೈಯಿಲ್ಲ; ಚೊಗರು ನೆಲಕ್ಕೆ ತೊಟ್ಟಿಕ್ಕುತ್ತದೆ. ದುಃಖವೆಂಬ ಪದ ಕಥೆಯಲ್ಲೆಲ್ಲೂ ಇಲ್ಲ. ‘ವಾಸನೆ’ ಎಂಬ ಪದ ಒಂದೇ ಒಂದು ಸಲ ಬರುತ್ತದೆ. ಅದನ್ನು ಯಾರ ಬಾಯಲ್ಲಿ, ಎಷ್ಟನೆಯ ಪುಟದಲ್ಲಿ ಇಡಬೇಕೆಂಬ ಲೆಕ್ಕವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಲ್ಲಿದ್ದಾಗ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಂದೊಂದು ಹಂಡೆ ಬೆಂದಂತೆಲ್ಲ ಚೊಗರು ಮಂದವಾಗಿ, ಕುದಿಯುವ ಸದ್ದೇ ಬದಲಾಗುತ್ತದೆ. ಅದನ್ನು ಮೊಬೈಲಿನಲ್ಲಿ ಹಿಡಿದು, ಕೇಳಿಸಿದ್ದನ್ನು ಅಕ್ಷರಕ್ಕಿಳಿಸುತ್ತ ಮೂವತ್ತರಷ್ಟು ಹೊಸ ಅನುಕರಣ ಪದಗಳನ್ನು ಕಟ್ಟಿದೆ. ಮೊದಲ ಹಂಡೆಯದು ಗುಳುಗುಳು. ಸಂಜೆಯದು ‘ಬೊದಕ್’ ಎಂದು ಒಡೆಯುವ ಗುಳ್ಳೆ. ಜೋರಾಗಿ ಓದಿದಾಗ ಉಳಿದದ್ದು ಎರಡೇ ಪದಗಳು, ಎರಡೂ ಕಥೆಯಲ್ಲಿವೆ.

ಸಂಭಾವನೆ 1,200 ರೂಪಾಯಿ ಬಂತು. ಇದೇ ವಿಧಾನವನ್ನು ಆಮೇಲೆ ಹಲ್ಲುನೋವಿನ ಕಥೆಯೊಂದಕ್ಕೆ ಹಚ್ಚಿದೆ, ಫಲಿಸಲಿಲ್ಲ. ರಾತ್ರಿಯಿಡೀ ಸುಮ್ಮನೆ ಮಲಗಿರುವ ರೋಗಿಯ ಕೈಗೆ ಯಾವ ಕೆಲಸ ಕೊಡಬೇಕೆಂದು ಇನ್ನೂ ಹುಡುಕುತ್ತಿದ್ದೇನೆ.